ಟೆಸ್ಟರ್ ಎಂಬ ಒಂದೇ ಹೆಸರಿನಡಿ

ಬೆಂಗಳೂರಿನ ಪಶ್ಚಿಮ ಭಾಗದಲ್ಲಿ ನಾಗರಭಾವಿಗೆ ಹೊಂದಿಕೊಂಡಿರುವ ಅನ್ನಪೂರ್ಣೇಶ್ವರಿ ನಗರ ಎಂಬ ಬಡಾವಣೆಯ ಹೆಸರು ಕನ್ನಡ ಓದುವವರ ಕಣ್ಣಿಗೆ ಒಂಬತ್ತು ಅಕ್ಷರಗಳದ್ದು. ಜಗತ್ತಿನ ಹೆಚ್ಚಿನ ಲಿಪಿಗಳಿಗೆ ಸಂಖ್ಯೆಗಳನ್ನು ಗೊತ್ತುಮಾಡಿರುವ ಯೂನಿಕೋಡ್ ಪದ್ಧತಿಯಲ್ಲಿ ಕಂಪ್ಯೂಟರ್ ಅದೇ ಹೆಸರನ್ನು ಬರೆದುಕೊಳ್ಳುವಾಗ ನಡುವಿನ ಖಾಲಿ ಜಾಗವೂ ಸೇರಿ 19 ಸಂಕೇತಗಳಾಗುತ್ತವೆ. ಏಕೆಂದರೆ ‘ರ್ಣೇ’ ಎಂಬ ಒಂದು ಅಕ್ಷರವು ಅದರ ಲೆಕ್ಕದಲ್ಲಿ ರಕಾರ, ವಿರಾಮ, ಣಕಾರ ಮತ್ತು ಏಕಾರದ ಗುಣಿತಚಿಹ್ನೆ ಎಂಬ ನಾಲ್ಕು ಬಿಡಿ ಸಂಕೇತಗಳ ಜೋಡಣೆ. ಅವನ್ನು ಯುಟಿಎಫ್-8 ಎಂಬ ರೂಢಿಯ ರೂಪದಲ್ಲಿ ಕಡತಕ್ಕೆ ಇಳಿಸಿದಾಗ ಒಂದೊಂದು ಕನ್ನಡ ಸಂಕೇತಕ್ಕೂ ಮೂರು ಬೈಟ್ ಬೇಕಾಗುವುದರಿಂದ ಹೆಸರಿನ ಒಟ್ಟು ಅಳತೆ 55 ಬೈಟ್ ಆಗುತ್ತದೆ. ವಿಳಾಸದ ಕಾಲಮ್ಮಿಗೆ 50 ಬೈಟ್ ಸಾಕೆಂದು ಯಾರೋ ಒಬ್ಬ ಡೆವಲಪರ್ ತೀರ್ಮಾನಿಸಿ, ತಂತ್ರಾಂಶವು ಹೆಚ್ಚಾದುದನ್ನು ಸದ್ದಿಲ್ಲದೆ ಕತ್ತರಿಸುವಂತಿದ್ದರೆ, ಹೆಸರು ‘ಅನ್ನಪೂರ್ಣೇಶ್ವರಿ ನ’ ಎಂಬಲ್ಲಿಗೆ ನಿಂತು, ಮುಂದಿನ ಗಕಾರದ ಮೂರರಲ್ಲೊಂದು ಭಾಗ ಮಾತ್ರ ಉಳಿದು, ಅದರ ಜಾಗದಲ್ಲಿ ಪರದೆಯ ಮೇಲೆ ಪ್ರಶ್ನಾರ್ಥಕ ಚಿಹ್ನೆಯಿರುವ ಕಪ್ಪು ವಜ್ರಾಕೃತಿಯೊಂದು ಕಾಣಿಸಿಕೊಳ್ಳುತ್ತದೆ. ಇದೇ ಹೆಸರನ್ನು ಇಂಗ್ಲಿಷಿನಲ್ಲಿ ಬರೆದರೆ 22 ಬೈಟ್‌ಗಳಲ್ಲಿ ಮುಗಿಯುವುದರಿಂದ, ಇಂಗ್ಲಿಷ್ ವಿಳಾಸಗಳನ್ನಷ್ಟೇ ತುಂಬಿ ನೋಡುವ ಪರೀಕ್ಷಕರಿಗೆ ಈ ದೋಷ ವರ್ಷವಿಡೀ ಹುಡುಕಿದರೂ ಸಿಗಲಾರದು.

ತಂತ್ರಾಂಶ ಪರೀಕ್ಷೆ ಎಂಬ ವೃತ್ತಿಯೊಳಗೆ ಹಲವು ವಿಶೇಷ ಪರಿಣತಿಗಳು ಕವಲೊಡೆದಿರುವುದಕ್ಕೆ ಕಾರಣ ಇಂಥ ಒಂದು ವಿಳಾಸದ ಕಾಲಮ್ಮಿನಲ್ಲಿಯೇ ಕಾಣಸಿಗುತ್ತದೆ. ಕಾಲಮ್ಮು ತುಂಬಿದ್ದನ್ನು ಉಳಿಸಿಕೊಳ್ಳುತ್ತದೆಯೇ ಎಂದು ಒಬ್ಬರು ಕೇಳಿದರೆ, ಒಂದೇ ಗಳಿಗೆಯಲ್ಲಿ ಲಕ್ಷ ಜನ ತುಂಬಿದರೆ ಏನಾದೀತು ಎಂದು ಇನ್ನೊಬ್ಬರು ಕೇಳುತ್ತಾರೆ. ವಿಳಾಸದ ಬದಲು ಯಾರಾದರೂ ದುರುದ್ದೇಶದ ಆಜ್ಞೆಯೊಂದನ್ನು ತುಂಬಿದರೆ ಎಂಬುದು ಮೂರನೆಯವರ ಚಿಂತೆ, ಕಣ್ಣು ಕಾಣದವರಿಗೆ ಆ ಕಾಲಮ್ಮು ಅಲ್ಲಿದೆಯೆಂದು ತಿಳಿಯುವುದು ಹೇಗೆ ಎಂಬುದು ನಾಲ್ಕನೆಯವರ ಚಿಂತೆ. ಬೆಂಗಳೂರಿನ ಉದ್ಯೋಗ ಜಾಹೀರಾತುಗಳು ಮಾತ್ರ ಈ ಎಲ್ಲರನ್ನೂ ‘ಮ್ಯಾನುಯಲ್’ ಮತ್ತು ‘ಆಟೊಮೇಷನ್’ ಎಂಬ ಎರಡೇ ಪಂಗಡಗಳಾಗಿ ವಿಂಗಡಿಸಿ, ಎರಡನೆಯದಕ್ಕೆ ಹೆಚ್ಚು ಸಂಬಳ ನಿಗದಿಮಾಡುವ ರೂಢಿಯನ್ನು ಬೆಳೆಸಿಕೊಂಡಿವೆ. ಪರೀಕ್ಷಕರ ಕೈಯಲ್ಲಿ ಯಾವ ಸಲಕರಣೆಯಿದೆ ಎಂಬುದನ್ನು ಈ ವಿಂಗಡಣೆ ಹೇಳುತ್ತದೆಯೇ ಹೊರತು, ಅವರು ಯಾವ ಬಗೆಯ ಹಾನಿಯನ್ನು ತಡೆಯಬಲ್ಲರು ಎಂಬ ಹೆಚ್ಚು ಮುಖ್ಯವಾದ ಸಂಗತಿಯನ್ನು ಹೇಳುವುದಿಲ್ಲ.

ಪ್ರೋಗ್ರಾಮ್ ಬರೆದವರೇ ಅದನ್ನು ಪರೀಕ್ಷಿಸಿ ಕೊಡುವುದು ಕಂಪ್ಯೂಟರ್‌ಗಳ ಆರಂಭಕಾಲದ ಪದ್ಧತಿಯಾಗಿತ್ತು. ಅಮೆರಿಕದ ಮೊದಲ ಮಾನವಸಹಿತ ಬಾಹ್ಯಾಕಾಶ ಯೋಜನೆಯಾದ ಮರ್ಕ್ಯುರಿಗಾಗಿ 1950ರ ದಶಕದ ಕೊನೆಯಲ್ಲಿ ಜೆರಾಲ್ಡ್ ವೈನ್‌ಬರ್ಗ್ ಮುನ್ನಡೆಸಿದ ತಂಡವನ್ನು ಪ್ರತ್ಯೇಕ ಪರೀಕ್ಷಕರ ಮೊದಲ ತಂಡಗಳಲ್ಲಿ ಒಂದೆಂದು ಗುರುತಿಸಲಾಗುತ್ತದೆ. 1979ರಲ್ಲಿ ಗ್ಲೆನ್‌ಫೋರ್ಡ್ ಮೈಯರ್ಸ್ ಬರೆದ ‘ದಿ ಆರ್ಟ್ ಆಫ್ ಸಾಫ್ಟ್‌ವೇರ್ ಟೆಸ್ಟಿಂಗ್’ ಎಂಬ ಪುಸ್ತಕವು, ತಂತ್ರಾಂಶ ಸರಿಯಿದೆಯೆಂದು ತೋರಿಸಲು ಹೊರಟವರ ಕಣ್ಣಿಗೆ ದೋಷಗಳು ಬೀಳುವುದಿಲ್ಲ, ದೋಷವಿದ್ದೇ ಇದೆಯೆಂದು ನಂಬಿ ಹುಡುಕುವವರಿಗೆ ಮಾತ್ರ ಅವು ಸಿಗುತ್ತವೆ ಎಂಬ ಮನಶ್ಶಾಸ್ತ್ರೀಯ ವಾದವನ್ನು ಮುಂದಿಟ್ಟಿತು. ಬರೆಯುವವರೂ ಪರೀಕ್ಷಿಸುವವರೂ ಬೇರೆಯಾಗಿರಬೇಕೆಂಬ ನಿಲುವಿಗೆ ಅಲ್ಲಿಂದ ಶಾಸ್ತ್ರದ ಬಲ ಬಂತು. ಬೆಂಗಳೂರಿಗೆ 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬಂದ ಮೇಲೆ ಬೆಳೆದ ಉದ್ಯಮವು, ವರ್ಷವನ್ನು ಎರಡೇ ಅಂಕಿಗಳಲ್ಲಿ ಬರೆದಿಟ್ಟಿದ್ದ ಹಳೆಯ ತಂತ್ರಾಂಶಗಳು 2000ನೇ ಇಸವಿಯಲ್ಲಿ ಕುಸಿಯಬಹುದೆಂಬ ಭೀತಿಯ ಕಾಲದಲ್ಲಿ, ಪರೀಕ್ಷೆಯನ್ನೇ ಒಂದು ಸೇವೆಯಾಗಿ ಮಾರಬಹುದೆಂಬುದನ್ನು ಕಂಡುಕೊಂಡಿತು.

ಪಶ್ಚಿಮ ಬೆಂಗಳೂರು ಈ ಉದ್ಯಮದ ಭೂಪಟದಲ್ಲಿ ಮುಖ್ಯವಾಗಿ ಉದ್ಯೋಗಿಗಳು ವಾಸಿಸುವ ಪ್ರದೇಶವೇ ಆದರೂ, ಮೈಸೂರು ರಸ್ತೆಯ ಆರ್.ವಿ. ಎಂಜಿನಿಯರಿಂಗ್ ಕಾಲೇಜಿನ ಹತ್ತಿರದ ಗ್ಲೋಬಲ್ ವಿಲೇಜ್ ಟೆಕ್ ಪಾರ್ಕ್, ಅಲ್ಲಿ ನೆಲೆಯೂರಿದ, 2022ರಲ್ಲಿ ಮತ್ತೊಂದು ಕಂಪನಿಯೊಂದಿಗೆ ವಿಲೀನವಾದ ಮೈಂಡ್‌ಟ್ರೀಯಂಥ ಸಂಸ್ಥೆಗಳಿಂದಾಗಿ ಇಲ್ಲಿಯೇ ಕೆಲಸದ ನೆಲೆಗಳೂ ಇವೆ. 2023ರ ಅಕ್ಟೋಬರ್‌ನಲ್ಲಿ ಮೆಟ್ರೊದ ನೇರಳೆ ಮಾರ್ಗ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಪೂರ್ಣಗೊಂಡ ಮೇಲೆ ಕೆಂಗೇರಿ ಕಡೆಯವರು ಒಂದೇ ರೈಲಿನಲ್ಲಿ ನಗರದ ಆ ತುದಿಯನ್ನು ತಲುಪುತ್ತಾರೆ. ಅನ್ನಪೂರ್ಣೇಶ್ವರಿ ನಗರದ ನೆರೆಯಲ್ಲಿರುವ ಮಲ್ಲತ್ತಹಳ್ಳಿಯ ಡಾ. ಅಂಬೇಡ್ಕರ್ ತಾಂತ್ರಿಕ ಮಹಾವಿದ್ಯಾಲಯವೂ ಸೇರಿದಂತೆ ಸುತ್ತಲಿನ ಕಾಲೇಜುಗಳಿಂದ ಪ್ರತಿವರ್ಷ ಹೊರಬರುವ ಪದವೀಧರರಲ್ಲಿ ಹಲವರಿಗೆ ಉದ್ಯಮದ ಮೊದಲ ಬಾಗಿಲು ಪರೀಕ್ಷಾ ವಿಭಾಗವೇ. ಬೇರೇನೂ ಸಿಗದವರು ಹಿಡಿಯುವ ಕೆಲಸ ಎಂಬ ಅಪಖ್ಯಾತಿ ಇದಕ್ಕೆ ಅಂಟಿಕೊಂಡಿರುವುದು ನಿಜ. ಆ ಅಪಖ್ಯಾತಿಗೆ ಆಧಾರವಿಲ್ಲ ಎಂಬುದು ಪರಿಣತಿಗಳನ್ನು ಒಂದೊಂದಾಗಿ ನೋಡಿದಾಗ ತಿಳಿಯುತ್ತದೆ.

ಎಲ್ಲಕ್ಕೂ ತಳಹದಿಯಾದದ್ದು ಕಾರ್ಯನಿರ್ವಹಣೆಯ ಪರೀಕ್ಷೆ, ಅಂದರೆ ತಂತ್ರಾಂಶವು ಮಾಡಬೇಕೆಂದು ಒಪ್ಪಿಕೊಂಡಿರುವುದನ್ನು ಮಾಡುತ್ತದೆಯೇ ಎಂಬ ಶೋಧ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಪ್ರಯೋಗಾಲಯಗಳಲ್ಲಿ ತಂತ್ರಾಂಶ ಪರೀಕ್ಷೆಯನ್ನು ಕಲಿತವರಿಗೆಲ್ಲ ಪರಿಚಿತವಾದ ತ್ರಿಕೋನದ ಸಮಸ್ಯೆ ಇದರ ಒಳ್ಳೆಯ ಮಾದರಿ: ಮೂರು ಬಾಹುಗಳ ಉದ್ದವನ್ನು ಕೊಟ್ಟರೆ ತ್ರಿಕೋನವು ಸಮಬಾಹುವೋ, ಸಮದ್ವಿಬಾಹುವೋ, ವಿಷಮಬಾಹುವೋ ಎಂದು ಪ್ರೋಗ್ರಾಮ್ ಹೇಳಬೇಕು. ಮೈಯರ್ಸ್ ತನ್ನ ಪುಸ್ತಕದ ಆರಂಭದಲ್ಲಿಯೇ ಓದುಗರ ಮುಂದೆ ಇಟ್ಟ ಈ ಸಮಸ್ಯೆ ನೋಡಲು ಮಕ್ಕಳಾಟದಂತಿದ್ದರೂ, 1, 2, 3 ಎಂಬ ಬಾಹುಗಳು ತ್ರಿಕೋನವನ್ನೇ ಮಾಡದೆ ಒಂದು ಗೆರೆಯಾಗಿ ಮಲಗುತ್ತವೆ ಎಂಬುದು, ಸೊನ್ನೆ ಮತ್ತು ಋಣಸಂಖ್ಯೆಗಳನ್ನೂ ಯಾರಾದರೂ ಕೊಟ್ಟಾರು ಎಂಬುದು, ಬಾಹುಗಳ ಕ್ರಮ ಬದಲಾದಾಗ ಉತ್ತರವೂ ಬದಲಾಗುವ ತಪ್ಪು ಒಳಗಿರಬಹುದು ಎಂಬುದು ಹೊಸಬರಿಗೆ ಸುಲಭವಾಗಿ ಹೊಳೆಯುವುದಿಲ್ಲ.

ಕಾಲೇಜಿನ ಈ ವ್ಯಾಯಾಮ ನಿತ್ಯಜೀವನದಲ್ಲಿ ಯಾವ ರೂಪ ತಾಳುತ್ತದೆ ಎಂಬುದಕ್ಕೆ 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯ ನಿಯಮಗಳನ್ನು ನೋಡಬಹುದು. ಹಿಂದಿನ ವರ್ಷದ ತಿಂಗಳ ಸರಾಸರಿ ಬಳಕೆಗೆ ಶೇ. 10 ಸೇರಿಸಿ, 200 ಯೂನಿಟ್‌ನ ಮಿತಿಯೊಳಗೆ ಉಚಿತ ವಿದ್ಯುತ್ತಿನ ಅರ್ಹತೆಯನ್ನು ನಿಗದಿಮಾಡಲಾಯಿತು; ಅರ್ಹತೆಯನ್ನು ದಾಟಿ 200ರೊಳಗೆ ಬಳಸಿದವರು ಹೆಚ್ಚುವರಿಗೆ ಮಾತ್ರ ಹಣ ಕಟ್ಟಬೇಕು, 200 ಮೀರಿದವರು ಪೂರ್ತಿ ಬಿಲ್ ಕಟ್ಟಬೇಕು; ಹಿಂದಿನ ವರ್ಷದ ಲೆಕ್ಕವೇ ಇಲ್ಲದ ಹೊಸ ಮನೆಯವರಿಗೆ ರಾಜ್ಯದ ಸರಾಸರಿಯಾದ 53 ಯೂನಿಟ್ ಆಧಾರ. ಪರಿಣತ ಪರೀಕ್ಷಕರು ಈ ನಿಯಮವನ್ನು ಓದುತ್ತಲೇ 199, 200, 201 ಎಂಬ ಮೂರು ಅಂಕಿಗಳನ್ನು ಬರೆದುಕೊಳ್ಳುತ್ತಾರೆ, ಏಕೆಂದರೆ ‘ವರೆಗೆ’ ಮತ್ತು ‘ಮೇಲ್ಪಟ್ಟು’ ಎಂಬ ಮಾತುಗಳು ಪ್ರೋಗ್ರಾಮಿನಲ್ಲಿ ಅದಲುಬದಲಾಗುವುದು ಗಡಿಯ ಅಂಕಿಗಳಲ್ಲಿಯೇ. ಶೇ. 10 ಸೇರಿಸಿದಾಗ ಬರುವ ದಶಮಾಂಶವನ್ನು ಮೇಲಕ್ಕೆ ಪೂರ್ಣಗೊಳಿಸಬೇಕೋ ಕೆಳಕ್ಕೋ, ಆರು ತಿಂಗಳು ಮಾತ್ರ ವಾಸವಿದ್ದವರ ಸರಾಸರಿಯನ್ನು ಆರರಿಂದ ಭಾಗಿಸಬೇಕೋ ಹನ್ನೆರಡರಿಂದಲೋ ಎಂಬಂಥ ಪ್ರಶ್ನೆಗಳಿಗೆ ಆದೇಶದ ಪ್ರತಿಯಲ್ಲಿ ಸ್ಪಷ್ಟ ಉತ್ತರವಿಲ್ಲದಿದ್ದರೆ ಅದನ್ನು ಎತ್ತಿ ತೋರಿಸುವುದೂ ಅವರ ಕೆಲಸವೇ. ಒಂದು ಸಾಲು ಪ್ರೋಗ್ರಾಮ್ ಬರೆಯುವ ಮೊದಲೇ ಸಿಕ್ಕುವ ಇಂಥ ದೋಷಗಳಷ್ಟು ಅಗ್ಗವಾಗಿ ತಿದ್ದಬಹುದಾದವು ಬೇರೆ ಇಲ್ಲ.

ಬರೆದಿಟ್ಟ ಪಟ್ಟಿಯನ್ನು ಅನುಸರಿಸಿ ಒಂದೊಂದೇ ಗುರುತು ಹಾಕುವ ಪರೀಕ್ಷೆಗೂ, ಸಿಕ್ಕ ಸುಳಿವನ್ನು ಹಿಡಿದು ಮುಂದಿನ ಹೆಜ್ಜೆಯನ್ನು ಆಗಲೇ ನಿರ್ಧರಿಸುವ ಪರೀಕ್ಷೆಗೂ ಬಹಳ ಅಂತರವಿದೆ. ಎರಡನೆಯದನ್ನು ಎಕ್ಸ್‌ಪ್ಲೊರೇಟರಿ ಟೆಸ್ಟಿಂಗ್ ಎಂದು 1980ರ ದಶಕದಲ್ಲಿ ಹೆಸರಿಸಿದವರು ಅಮೆರಿಕದ ಕೆಮ್ ಕೇನರ್. ಜಾಹೀರಾತುಗಳ ಭಾಷೆಯಲ್ಲಿ ಎರಡೂ ‘ಮ್ಯಾನುಯಲ್’ ಎಂದೇ ಕರೆಸಿಕೊಳ್ಳುವುದರಿಂದ, ಮೊದಲನೆಯದರ ಯಾಂತ್ರಿಕತೆಯ ಕಳಂಕ ಎರಡನೆಯದರ ಬುದ್ಧಿವಂತಿಕೆಗೂ ತಗಲಿದೆ. ಈ ಎರಡನೆಯ ಬಗೆಯ ಕೌಶಲ ತರಗತಿಯಲ್ಲಿ ಕೂತು ಬರುವಂಥದ್ದಲ್ಲವೆಂದು ಅರಿತ ಕೆಲವು ಪರೀಕ್ಷಕರು 2009ರಲ್ಲಿ ಬೆಂಗಳೂರಿನಲ್ಲಿ ‘ವೀಕೆಂಡ್ ಟೆಸ್ಟಿಂಗ್’ ಎಂಬ ಕೂಟವನ್ನು ಆರಂಭಿಸಿ, ವಾರಾಂತ್ಯದಲ್ಲಿ ಅಂತರ್ಜಾಲದ ಮೂಲಕ ಸೇರಿ ಒಂದು ತಂತ್ರಾಂಶವನ್ನು ಒಟ್ಟಾಗಿ ಪರೀಕ್ಷಿಸಿ ಚರ್ಚಿಸುವ ಪದ್ಧತಿಯನ್ನು ಹಾಕಿಕೊಟ್ಟರು. ಅದು ಮುಂದೆ ಬೇರೆ ದೇಶಗಳಿಗೂ ಹರಡಿತು.

ಗೃಹಜ್ಯೋತಿಯ ನಿಯಮ 2024ರ ಆರಂಭದಲ್ಲಿ ಬದಲಾಗಿ, ಕಡಿಮೆ ಬಳಕೆಯವರಿಗೆ ಶೇ. 10ರ ಬದಲು 10 ಯೂನಿಟ್ ಹೆಚ್ಚುವರಿ ಎಂದಾಯಿತು. ಇಂಥ ಒಂದು ತಿದ್ದುಪಡಿ ಬಂದಾಗ ಹೊಸ ನಿಯಮವನ್ನು ಪರೀಕ್ಷಿಸಿದರೆ ಸಾಲದು. ಅದುವರೆಗೆ ಸರಿಯಾಗಿದ್ದ ಉಳಿದೆಲ್ಲವೂ ಈಗಲೂ ಸರಿಯಾಗಿದೆಯೇ ಎಂದು ಮತ್ತೆ ನೋಡಬೇಕು. ರಿಗ್ರೆಶನ್ ಎಂದು ಕರೆಯಲಾಗುವ ಈ ಮರುಪರೀಕ್ಷೆ ಪ್ರತಿ ತಿದ್ದುಪಡಿಗೂ ಬೆಳೆಯುತ್ತಲೇ ಹೋಗುವುದರಿಂದ, ಅದನ್ನು ಮನುಷ್ಯರ ಕೈಯಿಂದ ತೆಗೆದು ಯಂತ್ರಕ್ಕೆ ಒಪ್ಪಿಸುವ ಆಟೊಮೇಷನ್ ಪರಿಣತರು ಹುಟ್ಟಿಕೊಂಡರು. 2004ರಲ್ಲಿ ಶಿಕಾಗೊದ ಥಾಟ್‌ವರ್ಕ್ಸ್ ಕಚೇರಿಯಲ್ಲಿ ಜೇಸನ್ ಹಗಿನ್ಸ್ ಆರಂಭಿಸಿದ ಸೆಲೆನಿಯಮ್ ಎಂಬ ಉಚಿತ ಸಲಕರಣೆಯು ಬ್ರೌಸರ್‌ನಲ್ಲಿ ತಾನೇ ಗುಂಡಿ ಒತ್ತಿ, ಕಾಲಮ್ಮು ತುಂಬಿ, ಬಂದ ಉತ್ತರವನ್ನು ಹೋಲಿಸಿ ನೋಡಬಲ್ಲದು. ರಾಜಾಜಿನಗರ, ಬಸವನಗುಡಿಗಳ ತರಬೇತಿ ಕೇಂದ್ರಗಳಲ್ಲಿ ಪ್ರೋಗ್ರಾಮಿಂಗ್ ಭಾಷೆಯಾದ ಜಾವಾ ಮತ್ತು ಸೆಲೆನಿಯಮ್ ಎಂಬ ಜೋಡಿ ಹೆಸರು ಮಂತ್ರದಂತೆ ಕೇಳಿಬರುವುದಕ್ಕೆ ಇದೇ ಹಿನ್ನೆಲೆ. ಪರದೆಯನ್ನು ಬಿಟ್ಟು, ತಂತ್ರಾಂಶದ ಭಾಗಗಳು ತಮ್ಮತಮ್ಮಲ್ಲಿ ಸಂದೇಶ ವಿನಿಮಯ ಮಾಡಿಕೊಳ್ಳುವ ಎಪಿಐ ಎಂಬ ದ್ವಾರದಲ್ಲಿ ಪರೀಕ್ಷಿಸುವವರು ಜಗತ್ತಿನಾದ್ಯಂತ ಬಳಸುವ ಪೋಸ್ಟ್‌ಮನ್ ಎಂಬ ಸಲಕರಣೆ ಅಭಿನವ್ ಅಸ್ಥಾನಾ ಮತ್ತು ಸಂಗಡಿಗರಿಂದ ಕಂಪನಿಯಾಗಿ ರೂಪುಗೊಂಡದ್ದು ಬೆಂಗಳೂರಿನಲ್ಲಿಯೇ, 2014ರಲ್ಲಿ.

ಪರೀಕ್ಷೆಯ ಪ್ರೋಗ್ರಾಮ್‌ಗಳನ್ನು ಬರೆಯುವುದೇ ಪೂರ್ಣಾವಧಿಯ ಕೆಲಸವಾದಾಗ ಆ ಎಂಜಿನಿಯರನ್ನು ‘ಎಸ್‌ಡೆಟ್’ ಎಂದು ಕರೆಯುವ ರೂಢಿ ಮೈಕ್ರೊಸಾಫ್ಟ್‌ನಿಂದ ಹಬ್ಬಿತು. ಆ ಕಂಪನಿಯೇ 2014ರ ಹೊತ್ತಿಗೆ ಹಲವು ವಿಭಾಗಗಳಲ್ಲಿ ಈ ಹುದ್ದೆಯನ್ನು ಡೆವಲಪರ್ ಹುದ್ದೆಯೊಂದಿಗೆ ವಿಲೀನಗೊಳಿಸಿದರೂ ಬೆಂಗಳೂರಿನ ಮಾರುಕಟ್ಟೆಯಲ್ಲಿ ಹೆಸರು ಮಾತ್ರ ಉಳಿದುಕೊಂಡಿದೆ. ಇಂಥ ಪರೀಕ್ಷಾ ಪ್ರೋಗ್ರಾಮ್, ಅಂದರೆ ಸ್ಕ್ರಿಪ್ಟ್, ತನಗೆ ಹೇಳಿಕೊಟ್ಟದ್ದನ್ನಷ್ಟೇ ನೋಡುತ್ತದೆ ಎಂಬುದನ್ನು ಮರೆತ ಸಂಸ್ಥೆಗಳಲ್ಲಿ ಸಾವಿರ ಸ್ಕ್ರಿಪ್ಟ್‌ಗಳು ಪ್ರತಿರಾತ್ರಿ ಎಲ್ಲ ಸರಿಯೆಂಬ ಹಸಿರು ಬಣ್ಣ ತೋರಿಸುತ್ತಿದ್ದರೂ, ಒಂದಾದರೂ ಕನ್ನಡ ವಿಳಾಸವನ್ನು ಅವುಗಳಲ್ಲಿ ಯಾರೂ ತುಂಬಿರದ ಕಾರಣ ಮೇಲೆ ಹೇಳಿದ 50 ಬೈಟ್‌ನ ದೋಷ ಹಾಗೆಯೇ ಉಳಿದಿರಬಹುದು.

ಒಬ್ಬರಿಗೆ ಸರಿಯಾಗಿ ಕೆಲಸ ಮಾಡುವ ತಂತ್ರಾಂಶ ಲಕ್ಷ ಜನರಿಗೂ ಸರಿಯಾಗಿ ಕೆಲಸ ಮಾಡುತ್ತದೆಂಬ ಖಾತರಿಯಿಲ್ಲ. 2023ರ ಜೂನ್ 18ರಂದು ಸೇವಾಸಿಂಧು ಜಾಲತಾಣದಲ್ಲಿ ಗೃಹಜ್ಯೋತಿಯ ನೋಂದಣಿ ಆರಂಭವಾದಾಗ ಬಂದ ‘ಸರ್ವರ್ ಡೌನ್’ ದೂರುಗಳು ಕಾರ್ಯಕ್ಷಮತೆಯ ಪರೀಕ್ಷಕರ, ಅಂದರೆ ಪರ್ಫಾರ್ಮೆನ್ಸ್ ಟೆಸ್ಟರ್‌ಗಳ, ಕ್ಷೇತ್ರಕ್ಕೆ ಸೇರಿದವು. ಜೆಮೀಟರ್‌ನಂಥ ಸಲಕರಣೆಯಿಂದ ಸಾವಿರಾರು ಕಲ್ಪಿತ ಬಳಕೆದಾರರನ್ನು ಸೃಷ್ಟಿಸಿ, ನಿಧಾನವಾಗಿ ಏರುವ ಜನಸಂದಣಿಯನ್ನೂ, ಒಮ್ಮೆಲೇ ನುಗ್ಗುವ ಜನಸಂದಣಿಯನ್ನೂ, ದಿನಗಟ್ಟಲೆ ಕರಗದೆ ನಿಲ್ಲುವ ಜನಸಂದಣಿಯನ್ನೂ ಬೇರೆಬೇರೆಯಾಗಿ ಅನುಕರಿಸುವುದು ಇವರ ವಿಧಾನ. ಇವರು ಸರಾಸರಿಯನ್ನು ನಂಬುವುದಿಲ್ಲ: ನೂರು ಜನರಲ್ಲಿ 95 ಜನರಿಗೆ ಒಂದು ಸೆಕೆಂಡಿನಲ್ಲಿ ಪುಟ ತೆರೆದು, ಉಳಿದ ಐವರು 40 ಸೆಕೆಂಡು ಕಾದರೆ ಸರಾಸರಿ ಮೂರು ಸೆಕೆಂಡಿಗಿಂತಲೂ ಕಡಿಮೆಯೇ ಬರುತ್ತದೆ, ವರದಿಯಲ್ಲಿ ಎಲ್ಲವೂ ಚೆನ್ನಾಗಿ ಕಾಣುತ್ತದೆ, ಆದರೆ ಆ ಐವರು ಅಷ್ಟು ಹೊತ್ತಿಗೆ ಗುಂಡಿಯನ್ನು ಮೂರು ಬಾರಿ ಒತ್ತಿ ಸರ್ವರ್‌ನ ಹೊರೆಯನ್ನು ಇನ್ನಷ್ಟು ಹೆಚ್ಚಿಸಿರುತ್ತಾರೆ.

ಭದ್ರತಾ ಪರೀಕ್ಷಕರ ಕೆಲಸಕ್ಕೆ ಕರ್ನಾಟಕದ್ದೇ ಆದ ಒಂದು ಸರಳ ಉದಾಹರಣೆಯಿದೆ. ಕರಾವಳಿಯ ಕ್ರೈಸ್ತ ಮನೆತನಗಳ ಡಿ’ಸೋಜ, ಡಿ’ಕುನ್ಹಾ ಮುಂತಾದ ಹೆಸರುಗಳನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಮೊದಲ ಅಕ್ಷರದ ನಂತರ ಬರುವ ಒಂಟಿ ಉದ್ಧರಣ ಚಿಹ್ನೆಯನ್ನು, ದತ್ತಾಂಶ ಸಂಗ್ರಹಕ್ಕೆ ಆಜ್ಞೆ ನೀಡುವ ಎಸ್‌ಕ್ಯೂಎಲ್ ಭಾಷೆಯು ಹೆಸರು ಮುಗಿಯಿತೆಂಬ ಸೂಚನೆಯಾಗಿ ಓದಿಕೊಳ್ಳುತ್ತದೆ. ಅಜಾಗರೂಕತೆಯಿಂದ ಬರೆದ ತಂತ್ರಾಂಶದಲ್ಲಿ ಆ ಹೆಸರಿನವರ ಅರ್ಜಿ ತಪ್ಪು ಸಂದೇಶದೊಡನೆ ಹಿಂದಿರುಗುತ್ತದೆ. ಕಾರ್ಯನಿರ್ವಹಣೆಯ ಪರೀಕ್ಷಕರು ಇದನ್ನು ಒಂದು ಸಣ್ಣ ದೋಷವೆಂದು ದಾಖಲಿಸಿದರೆ, ಭದ್ರತಾ ಪರೀಕ್ಷಕರು ಅದರಲ್ಲಿ ತೆರೆದ ಬಾಗಿಲನ್ನು ಕಾಣುತ್ತಾರೆ, ಏಕೆಂದರೆ ಚಿಹ್ನೆಯ ಮುಂದೆ ಬರೆದದ್ದೆಲ್ಲವನ್ನೂ ಸಂಗ್ರಹವು ಆಜ್ಞೆಯೆಂದೇ ಭಾವಿಸಿ ಪಾಲಿಸುವುದಾದರೆ ಎಲ್ಲ ನಾಗರಿಕರ ದಾಖಲೆಗಳನ್ನೂ ಹೊರತೆಗೆಯುವಂತೆ ಹೇಳಲು ಒಂದು ಸಾಲು ಸಾಕು. ಒಳನುಗ್ಗದೆಯೇ ಸೇವೆಯನ್ನು ಸ್ಥಗಿತಗೊಳಿಸುವ ದಾಳಿಗಳೂ ಇವೆ. ಆಸ್ತಿ ನೋಂದಣಿಯ ಕಾವೇರಿ 2.0 ವ್ಯವಸ್ಥೆಯ ಮೇಲೆ 2025ರ ಜನವರಿಯಲ್ಲಿ ನಡೆದದ್ದು ಈ ಬಗೆಯದು. ನಕಲಿ ಖಾತೆಗಳ ಮೂಲಕ ಋಣಭಾರ ಪ್ರಮಾಣಪತ್ರದ ಹುಡುಕಾಟಕ್ಕೆ ಕೋರಿಕೆಗಳ ಮಹಾಪೂರವನ್ನೇ ಹರಿಸಿದ್ದರಿಂದ ಉಪನೋಂದಣಾಧಿಕಾರಿಗಳ ಕಚೇರಿಗಳಲ್ಲಿ ನೋಂದಣಿ ಕೆಲಸಕ್ಕೆ ಅಡ್ಡಿಯಾಯಿತು. ಭದ್ರತಾ ಪರೀಕ್ಷಕರಿಗೂ ಅಪರಾಧಿಗಳಿಗೂ ಕೈಚಳಕದಲ್ಲಿ ಹೆಚ್ಚಿನ ಭೇದವಿಲ್ಲದ ಕಾರಣ, 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43 ಮತ್ತು 66ನೇ ಕಲಂಗಳ ಹೊರಗೆ ಉಳಿಯಬೇಕಾದ ಪರೀಕ್ಷಕರಿಗೆ ಮಾಲೀಕರ ಲಿಖಿತ ಅನುಮತಿಯೇ ರಕ್ಷೆ. ಎಷ್ಟೇ ಸದುದ್ದೇಶವಿದ್ದರೂ ಅನುಮತಿಯಿಲ್ಲದೆ ಮಾಡಿದ ಪರೀಕ್ಷೆ ಕಾನೂನಿನ ಕಣ್ಣಿಗೆ ಅತಿಕ್ರಮ ಪ್ರವೇಶವಾಗಿಯೇ ಕಾಣಬಹುದು.

ಕನ್ನಡದ ಓದುಗರಿಗೆ ಅತ್ಯಂತ ಹತ್ತಿರವಾದ, ಆದರೆ ಬೆಂಗಳೂರಿನ ಉದ್ಯಮ ಅತ್ಯಂತ ಅಲಕ್ಷ್ಯದಿಂದ ಕಂಡಿರುವ ಪರಿಣತಿ ಸ್ಥಳೀಕರಣದ ಪರೀಕ್ಷೆ. ಲೋಕಲೈಸೇಷನ್ ಟೆಸ್ಟಿಂಗ್ ಎಂದು ಕರೆಯಲಾಗುವ ಈ ಕೆಲಸವನ್ನು ಅನುವಾದ ತಿದ್ದುವುದೆಂದು ಹಲವರು ತಿಳಿಯುತ್ತಾರೆ. ಪರೀಕ್ಷಕರ ನಿಜವಾದ ಹೋರಾಟ ಲಿಪಿಯ ಒಳರಚನೆಯೊಂದಿಗೆ. ಕನ್ನಡದ ಈಕಾರದ ಗುಣಿತಚಿಹ್ನೆಯನ್ನು ಯೂನಿಕೋಡ್ ಎರಡು ರೀತಿಯಲ್ಲಿ ಬರೆಯಲು ಬಿಡುತ್ತದೆ: ಒಂದೇ ಸಂಕೇತವಾಗಿ, ಇಲ್ಲವೇ ಇಕಾರದ ಗುಣಿತ ಮತ್ತು ದೀರ್ಘದ ಚಿಹ್ನೆ ಎಂಬ ಎರಡು ಸಂಕೇತಗಳಾಗಿ. ಕಣ್ಣಿಗೆ ಎರಡೂ ಒಂದೇ ಆದರೂ, ಎರಡನ್ನೂ ಒಂದೇ ರೂಪಕ್ಕೆ ತರುವ ಕ್ರಮವನ್ನು ತಂತ್ರಾಂಶ ಅನುಸರಿಸದಿದ್ದರೆ ಒಂದು ರೀತಿಯಲ್ಲಿ ದಾಖಲಾದ ‘ಗೀತಾ’ ಇನ್ನೊಂದು ರೀತಿಯಲ್ಲಿ ಹುಡುಕಿದವರಿಗೆ ಸಿಗುವುದಿಲ್ಲ, ಹಾಗೂ ಒಬ್ಬರೇ ವ್ಯಕ್ತಿ ಎರಡು ದಾಖಲೆಗಳಾಗಿ ಉಳಿದುಬಿಡುತ್ತಾರೆ. ರಕಾರದ ಕೆಳಗೆ ಯಕಾರದ ಒತ್ತು ಬರಬೇಕಾದ ಇಂಗ್ಲಿಷ್ ಮೂಲದ ಪದಗಳಲ್ಲಿ ಅದರ ಬದಲು ಅರ್ಕಾವತ್ತು ಮೂಡದಂತೆ ತಡೆಯಲು ಕಣ್ಣಿಗೆ ಕಾಣದ ಒಂದು ಜೋಡಣೆಯ ಸಂಕೇತವನ್ನು ನಡುವೆ ಇಡಬೇಕಾಗುತ್ತದೆ. ಕಾಣದ ಸಂಕೇತಗಳನ್ನೆಲ್ಲ ಕಸವೆಂದು ಗುಡಿಸಿಹಾಕುವ ತಂತ್ರಾಂಶವು ಬಳಕೆದಾರರು ಸರಿಯಾಗಿ ಬರೆದದ್ದನ್ನೇ ಉಳಿಸುವಾಗ ಕೆಡಿಸಿಡುತ್ತದೆ. ‘ಸ್ತ್ರೀ’ ಎಂಬ ಒಂದೇ ಅಕ್ಷರದಲ್ಲಿ ಆರು ಸಂಕೇತಗಳಿರುವುದರಿಂದ, ಅದರ ಮುಂದೆ ಅಳಿಸುವ ಕೀಲಿಯನ್ನು ಒಮ್ಮೆ ಒತ್ತಿದರೆ ಎಷ್ಟು ಅಳಿಯಬೇಕು ಎಂಬುದೂ ಪರೀಕ್ಷೆಯ ವಿಷಯವೇ.

ಇಂಗ್ಲಿಷ್ ಅಕ್ಷರಗಳ ಎತ್ತರಕ್ಕೆ ಹೊಲಿದ ಗುಂಡಿಗಳಲ್ಲಿ ಕನ್ನಡದ ಒತ್ತಕ್ಷರಗಳ ಬಾಲ ಕತ್ತರಿಸಿಹೋಗುವುದು ಬೆಂಗಳೂರಿಗರು ದಿನವೂ ಮೊಬೈಲಿನಲ್ಲಿ ಕಾಣಬಹುದಾದ ದೋಷ. ಇಂಗ್ಲಿಷಿನಲ್ಲಿ 160 ಅಕ್ಷರ ಹಿಡಿಯುವ ಒಂದು ಎಸ್ಸೆಮ್ಮೆಸ್ ಕನ್ನಡಕ್ಕೆ ಬಂದಾಗ 70 ಸಂಕೇತಗಳಿಗೆ ಇಳಿಯುವುದರಿಂದ, ಇಂಗ್ಲಿಷಿನ ಒಂದು ಸಂದೇಶ ಕನ್ನಡದಲ್ಲಿ ಮೂರಾಗಿ ಒಡೆದು ಕಂಪನಿಯ ಖರ್ಚೂ ಏರುತ್ತದೆ. ಇದನ್ನು ಮೊದಲೇ ಲೆಕ್ಕಹಾಕಿ ಹೇಳುವವರಿಲ್ಲದಿದ್ದರೆ ಕನ್ನಡದ ಸಂದೇಶವನ್ನೇ ಕೈಬಿಡುವ ತೀರ್ಮಾನವಾಗುತ್ತದೆ. ಅಪ್ಪನ ಹೆಸರು, ಊರಿನ ಹೆಸರುಗಳ ಮೊದಲಕ್ಷರಗಳನ್ನು ಇನಿಷಿಯಲ್ ಆಗಿ ಇಟ್ಟುಕೊಂಡವರಿಗೆ ಮನೆತನದ ಹೆಸರನ್ನು ಕಡ್ಡಾಯವಾಗಿ ತುಂಬಿರೆಂದು ಒತ್ತಾಯಿಸುವ ಅರ್ಜಿನಮೂನೆ, ಕನ್ನಡ ಅಂಕಿಗಳಲ್ಲಿ ಮೊಬೈಲ್ ಸಂಖ್ಯೆ ತುಂಬಿದರೆ ತಪ್ಪೆನ್ನುವ ಕಾಲಮ್ಮು, ಇಂಗ್ಲಿಷಿನಲ್ಲಿ ನಾಲ್ಕಾರು ಬಗೆಯಲ್ಲಿ ಬರೆಯಲಾಗುವ ಅನ್ನಪೂರ್ಣೇಶ್ವರಿ ನಗರವನ್ನು ಒಂದೇ ಬಗೆಯಲ್ಲಿ ಗುರುತಿಸುವ ನಕ್ಷೆ, ಇವೆಲ್ಲ ಕನ್ನಡ ಬಲ್ಲ ಪರೀಕ್ಷಕರೊಬ್ಬರು ತಂಡದಲ್ಲಿದ್ದಿದ್ದರೆ ಮೊದಲ ದಿನವೇ ಸಿಗುತ್ತಿದ್ದ ದೋಷಗಳು. ಹಾಗಿದ್ದರೂ ಕನ್ನಡವನ್ನು ಓದಿ ಬರೆಯಬಲ್ಲ ಸಾಮರ್ಥ್ಯವನ್ನು ಪರೀಕ್ಷಕರ ಅರ್ಹತೆಯೆಂದು ನಮೂದಿಸುವ ಜಾಹೀರಾತು ಈ ನಗರದಲ್ಲಿ ಕಾಣಸಿಗುವುದು ಅಪರೂಪ; ಸೆಲೆನಿಯಮ್‌ಗೆ ಇರುವ ಬೆಲೆಯ ಕಾಲುಭಾಗವೂ ಅರ್ಕಾವತ್ತಿನ ತಿಳಿವಳಿಕೆಗೆ ಇಲ್ಲ.

ಸುಗಮ್ಯತೆಯ ಪರೀಕ್ಷಕರು ಅಂಗವೈಕಲ್ಯವಿರುವವರ ನೆಲೆಯಿಂದ ತಂತ್ರಾಂಶವನ್ನು ನೋಡುತ್ತಾರೆ. ಪರದೆಯ ಮೇಲಿರುವುದನ್ನು ದನಿಯಲ್ಲಿ ಓದಿ ಹೇಳುವ ಎನ್‌ವಿಡಿಎಯಂಥ ಉಚಿತ ತಂತ್ರಾಂಶಗಳು ಕನ್ನಡವನ್ನೂ ಓದಬಲ್ಲವಾದರೂ, ಪುಟದ ಭಾಷೆ ಕನ್ನಡವೆಂದು ಅದರ ಒಳಗುರುತಿನಲ್ಲಿ ನಮೂದಿಸದಿದ್ದರೆ ಇಂಗ್ಲಿಷ್ ದನಿ ಅದನ್ನು ತಪ್ಪಾಗಿ ಉಚ್ಚರಿಸುತ್ತದೆ, ಇಲ್ಲವೇ ಬಿಟ್ಟು ಮುಂದೆ ಹೋಗುತ್ತದೆ. ಈ ಪರಿಣತಿಯಲ್ಲಿ ದೃಷ್ಟಿಯಿಲ್ಲದ ಪರೀಕ್ಷಕರ ಅನುಭವಕ್ಕೆ ಬದಲಿಯಿಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ ನಂತರ, 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್ ಡಿಜಿಟಲ್ ಸೇವೆಗಳ ಲಭ್ಯತೆಯನ್ನು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗವೆಂದು ಎತ್ತಿಹಿಡಿದ ಮೇಲೆ, ಬ್ಯಾಂಕುಗಳಂಥ ಡಿಜಿಟಲ್ ಸೇವೆ ನೀಡುವ ಸಂಸ್ಥೆಗಳು ಈ ಪರೀಕ್ಷಕರನ್ನು ಹುಡುಕತೊಡಗುವುದು ಅನಿವಾರ್ಯವಾಗಿದೆ.

ದೋಷ ಕಂಡ ಮೇಲೆ ಹೊಸ ಆವೃತ್ತಿ ಕಳಿಸಿ ತಿದ್ದಿಕೊಳ್ಳುವ ಅವಕಾಶವೇ ಇಲ್ಲದ ಕಡೆ ಪರೀಕ್ಷೆಯ ಸ್ವರೂಪ ಬೇರೆಯಾಗುತ್ತದೆ. ಪಶ್ಚಿಮ ಬೆಂಗಳೂರಿನ ಬಡಾವಣೆಗಳಿಂದ ದೂರವಿಲ್ಲದ ಪೀಣ್ಯದಲ್ಲಿರುವ ಇಸ್ರೊದ ನಿಯಂತ್ರಣ ಕೇಂದ್ರವಾದ ಇಸ್ಟ್ರಾಕ್ ಮೂಲಕ ದೇಶ ಎರಡು ಬಾರಿ ಇದನ್ನು ಕಂಡಿದೆ. 2019ರ ಸೆಪ್ಟೆಂಬರ್ 7ರಂದು ಚಂದ್ರಯಾನ-2ರ ವಿಕ್ರಮ್ ಲ್ಯಾಂಡರ್ ಚಂದ್ರನ ಮೇಲೆ ಅಪ್ಪಳಿಸಿದ್ದಕ್ಕೆ ಕಾರಣಗಳನ್ನು ಇಸ್ರೊ ಅಧ್ಯಕ್ಷರಾಗಿದ್ದ ಎಸ್. ಸೋಮನಾಥ್ 2023ರಲ್ಲಿ ಬಹಿರಂಗವಾಗಿಯೇ ವಿವರಿಸಿದರು: ಎಂಜಿನ್‌ಗಳ ಒತ್ತುಬಲ ನಿರೀಕ್ಷೆಗಿಂತ ಹೆಚ್ಚಾಗಿ ಸಣ್ಣ ತಪ್ಪುಗಳು ಒಂದರ ಮೇಲೊಂದು ಕೂಡಿಕೊಂಡವು, ಅವನ್ನು ಸರಿಪಡಿಸಲು ನೌಕೆ ವೇಗವಾಗಿ ತಿರುಗಬೇಕಾದಾಗ ತಿರುಗುವ ವೇಗಕ್ಕೆ ತಂತ್ರಾಂಶದಲ್ಲಿ ಹಾಕಿದ್ದ ಮಿತಿ ಅಡ್ಡಬಂತು, ಇಳಿಯಲು ಗೊತ್ತುಮಾಡಿದ್ದ 500 ಮೀಟರ್ ಚದರದ ಜಾಗವೂ ಕಿರಿದಾಗಿತ್ತು. ಇಲ್ಲಿ ತಂತ್ರಾಂಶವು ತನಗೆ ಬರೆದುಕೊಟ್ಟ ಮಿತಿಯ ನಿಯಮಕ್ಕೆ ಬದ್ಧವಾಗಿಯೇ ನಡೆದುಕೊಂಡಿತ್ತು ಎಂಬುದನ್ನು ಗಮನಿಸಬೇಕು. ನಿಯಮ ಬರೆದವರು ಊಹಿಸದ ಸನ್ನಿವೇಶವನ್ನು ಊಹಿಸುವುದು ಪರೀಕ್ಷಕರ ಹೊಣೆಯಾಗುವುದು ಇಂಥಲ್ಲಿಯೇ. ಚಂದ್ರಯಾನ-3ಕ್ಕೆ ಯಾವುದೆಲ್ಲ ಕೆಡಬಹುದೆಂಬ ಪಟ್ಟಿಯಿಂದಲೇ ವಿನ್ಯಾಸವನ್ನು ಆರಂಭಿಸಿ, ಸೆನ್ಸರ್, ಎಂಜಿನ್, ಲೆಕ್ಕಾಚಾರ ಇವುಗಳ ಒಂದೊಂದು ವೈಫಲ್ಯವನ್ನೂ ಕೃತಕವಾಗಿ ಉಂಟುಮಾಡಿ ನೋಡಲಾಯಿತು, ಇಳಿಯುವ ಜಾಗವನ್ನು 4 ಕಿ.ಮೀ. ಉದ್ದ, ಸುಮಾರು 2.5 ಕಿ.ಮೀ. ಅಗಲಕ್ಕೆ ಹಿಗ್ಗಿಸಲಾಯಿತು. 2023ರ ಆಗಸ್ಟ್ 23ರಂದು ಆ ಲ್ಯಾಂಡರ್ ಸುರಕ್ಷಿತವಾಗಿ ಇಳಿಯಿತು.

ಈ ಬಗೆಯ ಪರೀಕ್ಷೆಗೆ ಎರಡು ಸಂಪ್ರದಾಯಗಳು ಆಧಾರ. ನೌಕೆಯಲ್ಲಿ ಹಾರಲಿರುವ ನಿಜವಾದ ಕಂಪ್ಯೂಟರನ್ನೇ ಮೇಜಿನ ಮೇಲಿಟ್ಟು, ಅದರ ಸುತ್ತ ಕೃತಕ ಸೆನ್ಸರ್ ಸಂಕೇತಗಳ ಮೂಲಕ ಇಲ್ಲದ ಚಂದ್ರನನ್ನು ಸೃಷ್ಟಿಸಿ, ತಾನು ಇಳಿಯುತ್ತಿದ್ದೇನೆಂದು ಅದು ನಂಬುವಂತೆ ಮಾಡುವುದು ಮೊದಲನೆಯದು. ಬೆಂಗಳೂರಿನ ವಾಹನ ಬಿಡಿಭಾಗ ಕಂಪನಿಗಳಲ್ಲಿ ಬ್ರೇಕ್ ಮತ್ತು ಎಂಜಿನ್ ನಿಯಂತ್ರಕಗಳನ್ನು ಪರೀಕ್ಷಿಸುವವರೂ ಇದನ್ನೇ ಮಾಡುತ್ತಾರೆ. ತಂತ್ರಾಂಶ ಬರೆದ ತಂಡದ ಮೇಲಧಿಕಾರಿಗೆ ಉತ್ತರ ಹೇಳಬೇಕಾಗಿಲ್ಲದ ಸ್ವತಂತ್ರ ತಂಡವೊಂದು ಮೂಲ ಬೇಡಿಕೆಯಿಂದ ಹಿಡಿದು ಕೊನೆಯ ಸಾಲಿನವರೆಗೆ ಎಲ್ಲವನ್ನೂ ಮತ್ತೊಮ್ಮೆ ಪರಿಶೀಲಿಸುವುದು ಎರಡನೆಯದು. 2001ರ ಜನವರಿ 4ರಂದು ಬೆಂಗಳೂರಿನಿಂದ ಮೊದಲ ಬಾರಿ ಹಾರಿದ ತೇಜಸ್‌ನಂಥ ಯುದ್ಧವಿಮಾನ, ತಂತ್ರಾಂಶದ ನೆರವಿಲ್ಲದೆ ಸ್ಥಿರವಾಗಿ ಹಾರಲಾರದ ವಿನ್ಯಾಸದ್ದಾದುದರಿಂದ, ಅದರ ನಿಯಂತ್ರಣ ತಂತ್ರಾಂಶಕ್ಕೆ ಇಂಥ ಸ್ವತಂತ್ರ ಪರಿಶೀಲನೆ ಇಲ್ಲದಿದ್ದರೆ ಪೈಲಟ್ ಒಳಗೆ ಕೂರುವ ಪ್ರಶ್ನೆಯೇ ಇರಲಿಲ್ಲ.

ಪರೀಕ್ಷೆಯನ್ನು ಯೋಜಿಸುವ ಟೆಸ್ಟ್ ಲೀಡ್‌ಗಳು, ಬ್ಯಾಂಕು ಅಥವಾ ವಿಮೆಯ ವ್ಯವಹಾರವನ್ನು ಬಲ್ಲ ವಿಷಯ ಪರಿಣತರು, ಕೊಂಡುಕೊಂಡ ಸಂಸ್ಥೆಯ ಪರವಾಗಿ ಒಪ್ಪಿಗೆಯ ಪರೀಕ್ಷೆ ನಡೆಸುವವರು ಈವರೆಗೆ ಹೇಳಿದ ಪರೀಕ್ಷಕರ ಜೊತೆಗಿರುತ್ತಾರೆ. ಗುಣಮಟ್ಟದ ಖಾತರಿ ಎಂಬುದು ಕಟ್ಟುನಿಟ್ಟಾದ ಅರ್ಥದಲ್ಲಿ ಇವೆಲ್ಲಕ್ಕಿಂತ ಬೇರೆ: ದೋಷವನ್ನು ಹುಡುಕುವುದು ಪರೀಕ್ಷೆಯಾದರೆ, ಅದು ಹುಟ್ಟಿದ ಕಾರ್ಯವಿಧಾನವನ್ನೇ ತಿದ್ದುವುದು ಖಾತರಿ. 1990ರ ದಶಕದಲ್ಲಿ ಮೊಟೊರೋಲಾದ ಬೆಂಗಳೂರು ಘಟಕ ಸಿಎಮ್‌ಎಮ್ ಎಂಬ ಮಾನದಂಡದ ಅತ್ಯುನ್ನತವಾದ 5ನೇ ಹಂತವನ್ನು ಜಗತ್ತಿನಲ್ಲಿಯೇ ಮೊದಲು ತಲುಪಿದವರ ಸಾಲಿಗೆ ಸೇರಿದ್ದು ಈ ಎರಡನೆಯ ಕ್ಷೇತ್ರದ ಸಾಧನೆ. ಆನಂತರ ಪ್ರಮಾಣಪತ್ರದ ಮೋಹವೇ ಹೆಚ್ಚಾಗಿ, ಖಾತರಿಯ ಕೆಲಸ ಎಷ್ಟೋ ಕಡೆ ಕಾಗದಪತ್ರ ತುಂಬುವುದಕ್ಕೆ ಇಳಿಯಿತು ಎಂಬ ಟೀಕೆಯಲ್ಲಿಯೂ ಹುರುಳಿದೆ.

ಇತ್ತೀಚಿನ ಕವಲು ಕೃತಕ ಬುದ್ಧಿಮತ್ತೆಯ ಪರೀಕ್ಷಕರದು. ವಿದ್ಯುತ್ ಬಿಲ್ಲಿನ ತಂತ್ರಾಂಶಕ್ಕೆ 201 ಎಂದು ಕೊಟ್ಟರೆ ಉತ್ತರ ಇಂಥದೇ ಆಗಿರಬೇಕೆಂದು ಮೊದಲೇ ಬರೆದಿಡಬಹುದು. ಪ್ರಶ್ನೆಗೆ ಮಾತಿನಲ್ಲಿ ಉತ್ತರಿಸುವ ಮಾದರಿಗಳು ಅದೇ ಪ್ರಶ್ನೆಗೆ ಬೆಳಿಗ್ಗೆ ಒಂದು, ಸಂಜೆ ಇನ್ನೊಂದು ಉತ್ತರ ಕೊಡಬಹುದಾದ್ದರಿಂದ ಇಲ್ಲಿ ಸರಿ, ತಪ್ಪು ಎಂಬ ಎರಡೇ ಗುರುತುಗಳು ಸಾಲುವುದಿಲ್ಲ. ಧಾರವಾಡದವರ ‘ಬರ್ತೇನ್ರಿ’, ಕುಂದಾಪುರದವರ ‘ಬತ್ತೆ’, ಬೆಂಗಳೂರಿನವರ ‘ಬರ್ತೀನಿ’ ಮೂರನ್ನೂ ಕನ್ನಡದ ಧ್ವನಿ ಗುರುತಿಸುವ ತಂತ್ರಾಂಶ ಒಂದೇ ಅರ್ಥದಲ್ಲಿ ತಿಳಿದುಕೊಳ್ಳುತ್ತದೆಯೇ ಎಂಬುದನ್ನು ಪರಿಶೀಲಿಸಬೇಕಾದವರು ಪ್ರತಿ ಪ್ರದೇಶದ, ಬೇರೆಬೇರೆ ವಯಸ್ಸಿನ ಹೆಂಗಸರ ಹಾಗೂ ಗಂಡಸರ ದನಿಗಳನ್ನು ಸಂಗ್ರಹಿಸಿ, ಬಸ್ಸಿನ ಸದ್ದು, ಮಿಕ್ಸಿಯ ಸದ್ದುಗಳನ್ನು ಹಿನ್ನೆಲೆಗೆ ಸೇರಿಸಿ, ನೂರು ಬಾರಿ ಕೇಳಿಸಿದಾಗ ಯಾವ ಪ್ರದೇಶದ ಮಾತನ್ನು ಎಷ್ಟು ಬಾರಿ ತಪ್ಪಾಗಿ ಕೇಳಿಸಿಕೊಂಡಿತು ಎಂದು ಪ್ರದೇಶವಾರು ಲೆಕ್ಕ ಒಪ್ಪಿಸುತ್ತಾರೆ. ಆ ಲೆಕ್ಕದಲ್ಲಿ ಎಷ್ಟು ತಪ್ಪನ್ನು ಒಪ್ಪಿಕೊಂಡು ತಂತ್ರಾಂಶವನ್ನು ಜನರಿಗೆ ಬಿಡಬಹುದು ಎಂಬುದನ್ನು ತೀರ್ಮಾನಿಸುವ ಅಧಿಕಾರ ಮಾತ್ರ ಉದ್ಯಮದ ಉಳಿದೆಲ್ಲ ಕಡೆಯಂತೆ ಇಲ್ಲಿಯೂ ಪರೀಕ್ಷಕರ ಕೈಯಲ್ಲಿಲ್ಲ.